ಅಕ್ಕನ ಕಿವಿ ಕಂಡ ದೆವ್ವಗಳು

ಕಟ್ಟುಹಲ್ಲು ಮಾಡುವ ಆ ಕೋಣೆಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಪಾಲಿಶಿನವನೂ ಅಕ್ಕ ಎನ್ನುತ್ತಿದ್ದ, ಸಂಬಳ ಕೊಡುವ ಯಜಮಾನರೂ ಅಕ್ಕ ಎನ್ನುತ್ತಿದ್ದರು. ಹಾಗೆ ಕರೆಯುವ ನಿಜವಾದ ಹಕ್ಕಿದ್ದವಳು ಒಬ್ಬಳೇ, ಎಂಟು ವರ್ಷ ಕಿರಿಯಳಾದ ಒಡಹುಟ್ಟಿದ ತಂಗಿ. ಆದರೆ ಅವಳು ಕರೆದಾಗ ಮಾತ್ರ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೆಲಸ ಇಷ್ಟು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತಾರೆ. ಅಚ್ಚಿನವಳು ಅದಕ್ಕೆ ಬಿಳಿ ಪುಡಿ ಕಲಸಿ ಸುರಿದು ವಸಡು ಎಬ್ಬಿಸುತ್ತಾಳೆ. ಅಕ್ಕ ಅದರ ಮೇಲೆ ಗುಲಾಬಿ ಮೇಣ ಕೂರಿಸಿ, ಕಾಯಿಸಿದ ಚಾಕುವಿನ ತುದಿಯಲ್ಲಿ ಒಂದೊಂದೇ ಹಲ್ಲು ನೆಡುತ್ತಾಳೆ. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು. ಕೂದಲೆಳೆಯಷ್ಟು ಆಚೀಚೆಯಾದರೂ ಸಾಕು, ಎಲ್ಲೋ ಒಬ್ಬ ಮುದುಕಪ್ಪ ಊಟಕ್ಕೆ ಕೂತು ತನ್ನ ಕೆನ್ನೆಯನ್ನೇ ಕಚ್ಚಿಕೊಂಡು ಇವಳ ವಂಶಕ್ಕೆಲ್ಲ ಶಾಪ ಹಾಕುತ್ತಾನೆ. ಆಮೇಲೆ ಮೇಣದ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ ತುಂಬಿ, ಪಾಲಿಶಿನವನು ತಿರುಗುವ ಬ್ರಷ್ಷಿಗೆ ಹಿಡಿದು ಹೊಳಪು ಕೊಟ್ಟರೆ ಹಲ್ಲು ನಗಲು ಸಿದ್ಧ.

ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ ಅಕ್ಕನಿಗೆ ಕಣ್ಣಿಗೆ ಬಿಡುವಿರಲಿಲ್ಲ, ಕಿವಿ ಮಾತ್ರ ಖಾಲಿಯಿತ್ತು. ಆ ಖಾಲಿ ಕಿವಿಗೆ ಅವಳು ಸಿನಿಮಾ ಹಾಕಿಕೊಂಡಳು. ಮೇಣದ ಡಬ್ಬಕ್ಕೆ ಒರಗಿಸಿದ ಫೋನು, ಒಂದು ಕಿವಿಗೆ ಇಯರ್‌ಫೋನು. ಇನ್ನೊಂದು ಕಿವಿ ಯಜಮಾನರಿಗೆ ಮೀಸಲು. ದಿನಕ್ಕೊಂದು ಸಿನಿಮಾ ಮುಗಿಯುತ್ತಿತ್ತು. ಸಂಸಾರದ ಕಥೆಗಳು, ಕೋರ್ಟಿನ ಕಥೆಗಳು, ಎಲ್ಲಕ್ಕಿಂತ ಹೆಚ್ಚಾಗಿ ದೆವ್ವದ ಕಥೆಗಳು. ಪರದೆಯ ಕಡೆ ಅವಳು ತಲೆ ಎತ್ತಿದ್ದು ಕಡಿಮೆ. ಯಾವ ಭಾಷೆಯ ಸಿನಿಮಾ ಆದರೂ ಕನ್ನಡದಲ್ಲಿ ಮಾತಾಡುತ್ತಿದ್ದ ಕಾಲ, ತಲೆ ಎತ್ತುವ ಅಗತ್ಯವೂ ಇರಲಿಲ್ಲ. ಇದನ್ನು ಯಾರಿಂದಲೂ ಮುಚ್ಚಿಡಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಸಿನಿಮಾ ನೋಡುವುದೆಂದರೆ ಇದೇ ಎಂದುಕೊಂಡಿದ್ದಳು, ಪಾಪ.

ನಾಲ್ಕು ಗಂಟೆಗೆ ಟೀ. ಹದಿನೈದು ನಿಮಿಷ. ಅಚ್ಚಿನವಳು ಕೈ ತೊಳೆದು ಸ್ಟೂಲು ಎಳೆದುಕೊಳ್ಳುತ್ತಿದ್ದಳು, ಪಾಲಿಶಿನವನು ಮೋಟಾರು ಆರಿಸುತ್ತಿದ್ದ, ಅಕ್ಕ ತೀರ್ಪು ಕೊಡುತ್ತಿದ್ದಳು.

"ಆ ಲಿಫ್ಟಿನ ದೆವ್ವದ ಸಿನಿಮಾ ದಂಡ. ಕರೆಂಟ್ ಹೋಯ್ತು ಅಂತ ಐದು ಜನ ಕಿರುಚ್ತಾರೆ, ಒಬ್ಬನಾದ್ರೂ ಫ್ಯೂಸ್ ನೋಡ್ಬೇಕಲ್ವಾ? ದೆವ್ವ ಬರೋಕೆ ಮುಂಚೆ ಪಿಟೀಲು ಬಂತು ಅಂದ್ರೆ ಅದು ಅರ್ಧ ದುಡ್ಡಿನ ದೆವ್ವ. ಒಳ್ಳೆ ದೆವ್ವ ಸದ್ದಿಲ್ದೆ ಬರುತ್ತೆ."

ಇದನ್ನು ಕೇಳಿ ಪಾಲಿಶಿನವನು ಮನೆಗೆ ಹೋಗಿ ಹೆಂಡತಿಗೆ, "ಅಕ್ಕ ಬೇಡ ಅಂದಿದ್ದಾಳೆ, ಬೇರೆ ಹಾಕು" ಎನ್ನುತ್ತಿದ್ದನಂತೆ. ಅಕ್ಕನ ಸ್ವಂತ ಮನೆಯಲ್ಲಿ ಈ ಮರ್ಯಾದೆ ಇರಲಿಲ್ಲ. ಪಾರ್ಸೆಲ್ ವ್ಯಾನು ಓಡಿಸುವ ಗಂಡ ವಾರ್ತೆ ಬಿಟ್ಟು ಬೇರೇನೂ ಕೇಳುವವನಲ್ಲ, ಹೆಂಡತಿಯ ಮಾತನ್ನಂತೂ ಕೇಳುವವನೇ ಅಲ್ಲ. ಹುಟ್ಟಿದ ಮನೆಯಲ್ಲಿ ಅವಳು ಕೇಳಿಸಿಕೊಂಡ ಮಾತು ಒಂದೇ: "ಚಿಕ್ಕವಳು ಕಣೇ, ಬಿಟ್ಕೊಡು." ಕಿಟಕಿ ಪಕ್ಕದ ಹಾಸಿಗೆ ಬಿಟ್ಟುಕೊಟ್ಟಳು. ಹೊಸ ಪೆನ್ಸಿಲ್ ಡಬ್ಬಿ ಬಿಟ್ಟುಕೊಟ್ಟಳು. ಅಮ್ಮ ತೀರಿಕೊಂಡಾಗ ಓಲೆಗಳನ್ನೂ ಬಿಟ್ಟುಕೊಟ್ಟಳು. ತಂಗಿ ಏನನ್ನೂ ಕಸಿದುಕೊಂಡವಳಲ್ಲ, ಅವಳು ಬಂದು ನಿಂತರೆ ಸಾಕು, ಎಲ್ಲವೂ ತಾನಾಗಿ ಅವಳ ಕಡೆ ಹೊರಳುತ್ತಿತ್ತು. ಟೀ ಹೊತ್ತಿನ ಆ ಹದಿನೈದು ನಿಮಿಷ ಒಂದನ್ನು ಮಾತ್ರ ಅಕ್ಕ ಯಾರಿಗೂ ಬಿಟ್ಟುಕೊಡಬೇಕಾಗಿ ಬಂದಿರಲಿಲ್ಲ.

ಅಂಥ ಜಾಗಕ್ಕೆ ತಂಗಿಯನ್ನು ಕರೆತಂದವಳು ಅಕ್ಕನೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ. ತಂಗಿ ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿತ್ತು, ಫೋನಿನಲ್ಲಿ ಅತ್ತಿದ್ದಳು, ಕರುಳು ಕೇಳಬೇಕಲ್ಲ. ಯಜಮಾನರಿಗೆ ಒಂದು ಮಾತು ಹೇಳಿ, ಸಿದ್ಧವಾದ ಹಲ್ಲುಗಳನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸುವ ಕೆಲಸ ಕೊಡಿಸಿದಳು.

ಎರಡು ವಾರ ತಂಗಿ ತುಟಿ ಪಿಟಕ್ಕೆನ್ನದೆ ಟೀ ಕುಡಿದಳು. ಮೂರನೆಯ ವಾರ ಅಕ್ಕ ಹೊಸದೊಂದು ದೆವ್ವದ ಸಿನಿಮಾವನ್ನು ಹೊಗಳುತ್ತಿದ್ದಳು. ನೂರು ವರ್ಷ ಗೋಡೆಯೊಳಗೆ ಕೂತಿದ್ದ ದೆವ್ವ, ಅದರ ನಗು ಎಂಥದ್ದು, ಎದೆ ನಡುಗಿಹೋಯಿತು ಎಂದೆಲ್ಲ. ತಂಗಿ ಲೋಟದ ಹಿಂದಿನಿಂದ ಮೆಲ್ಲಗೆ ಅಂದಳು:

"ನೂರು ವರ್ಷದ ದೆವ್ವ ಸರಿ, ಆ ಹಲ್ಲು ನೋಡಿದ್ರಾ? ಸಾಲಾಗಿ ಆರು ಕ್ಯಾಪು! ಯಾವ ಡಾಕ್ಟ್ರು ಗೋಡೆ ಒಳಗೆ ಹೋಗಿ ಹಾಕಿದ್ರೋ. ನಮ್ಮಲ್ಲೇ ಮಾಡ್ಸಿರಬೇಕು, ಚೀಟಿ ಹುಡುಕ್ಲಾ?"

ಪಾಲಿಶಿನವನ ಬಾಯಿಂದ ಟೀ ಚಿಮ್ಮಿತು. ಅಚ್ಚಿನವಳು ಹೊಟ್ಟೆ ಹಿಡಿದುಕೊಂಡಳು. ಒಳಗಿದ್ದ ಯಜಮಾನರೂ ಇಣುಕಿ ಏನೆಂದು ಕೇಳಿ ನಕ್ಕರು. ಅಕ್ಕನೂ ಹಲ್ಲು ಕಿರಿದಳು, ಒಳಗೆ ಮಾತ್ರ ಬೆಂಕಿ ಬಿದ್ದಿತ್ತು. ಇಪ್ಪತ್ತೆರಡು ವರ್ಷ ಹಲ್ಲಿನ ಜೊತೆ ಬದುಕಿದವಳು ತಾನು. ಆ ಮಾತು ತನ್ನ ಬಾಯಿಂದ ಬರಬೇಕಿತ್ತು. ಮೂರು ವಾರದ ಹಿಂದೆ ಬಂದವಳು ಅದನ್ನು ಎತ್ತಿಕೊಂಡು ಹೋದಳು.

ಅಲ್ಲಿಂದ ಶುರುವಾಯಿತು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ಸಿನಿಮಾವನ್ನು ಅಕ್ಕ, "ಮಧ್ಯೆ ಇಪ್ಪತ್ತು ನಿಮಿಷ ಏನೂ ನಡಿಯಲ್ಲ, ಬರೀ ಮೌನ" ಎಂದು ತಳ್ಳಿಹಾಕಿದರೆ, ತಂಗಿ ಕಣ್ಣರಳಿಸಿ, "ಅಲ್ಲೇ ಅಲ್ವೇನೇ ಅಕ್ಕಾ, ದೊಡ್ಡವನು ಮಾರೋ ಮನೇನ ಒಬ್ಬನೇ ಗುಡಿಸಿ ಒರೆಸೋದು? ಹೊಸಬ್ರು ಬರೋ ಮನೆ ಗಲೀಜಾಗಿರಬಾರ್ದು ಅಂತ! ನಾನಂತೂ ಅತ್ತೇಬಿಟ್ಟೆ" ಎಂದಳು. ಅಚ್ಚಿನವಳು ಆ ಸಿನಿಮಾ ನೋಡಿ ತಾನೂ ಅತ್ತೆನೆಂದು ಬಂದು ಹೇಳಿದಳು. ದಿನದಿಂದ ದಿನಕ್ಕೆ ಅಚ್ಚಿನವಳ ಸ್ಟೂಲು ತಂಗಿಯ ಚೀಟಿ ಮೇಜಿನ ಕಡೆ ಸರಿಯಿತು. ಅಕ್ಕ ಅದನ್ನು ನೆಲದ ಹಾಸುಗಲ್ಲಿನ ಲೆಕ್ಕದಲ್ಲಿ ಅಳೆದಳು: ಮೊದಲು ಒಂದು ಕಲ್ಲು, ಆಮೇಲೆ ಎರಡು, ಈಗ ನಾಲ್ಕು. ತಂಗಿ ಮನೆಯಲ್ಲಿ ಗೋಡೆಯಗಲದ ಟಿವಿ ಇದೆ, ಪಕ್ಕ ಕೂತು ಜೊತೆಗೆ ನೋಡುವ ಗಂಡ ಇದ್ದಾನೆ, ಇಷ್ಟೆಲ್ಲ ಇದ್ದರೆ ಯಾರು ಬೇಕಾದರೂ ಹೇಳುತ್ತಾರೆ ಎಂದು ಹಲ್ಲು ನೆಡುತ್ತಾ ಗೊಣಗಿಕೊಂಡಳು.

ಆಗ ಬಂತು ಬೀರುವಿನ ದೆವ್ವದ ಸಿನಿಮಾ. ಮಗಳು ಎಷ್ಟೋ ವರ್ಷದ ಮೇಲೆ ಅಮ್ಮನ ಮನೆಗೆ ಬರುತ್ತಾಳೆ. ಅಡುಗೆಮನೆಯಿಂದ ಅಮ್ಮ, "ಬಾ ಮಗಳೇ" ಎನ್ನುತ್ತಾಳೆ. ಕತ್ತಲಾದ ಮೇಲೆ ಬೀರುವಿನೊಳಗಿಂದ ದೆವ್ವವೂ, "ಬಾ ಮಗಳೇ" ಎನ್ನುತ್ತದೆ. ಮೇಲಿನ ಸಾಲಿನ ಕೋರೆಹಲ್ಲು ನೆಡುತ್ತಿದ್ದ ಅಕ್ಕನ ಕೈ ನಿಂತುಹೋಯಿತು. ಅದೇ ಕಂಠ! ಅದೇ ಎಳೆತ, ಮಾತಿನ ಕೊನೆಗೆ ಅದೇ ಸಣ್ಣ ಉಸಿರು. ಅಮ್ಮನೇ ದೆವ್ವ. ಸಿನಿಮಾ ಮುಗಿಯುವವರೆಗೂ ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಕ್ಕನಿಗೆ ಮಾತ್ರ ಹೊಳೆದಿತ್ತು. ಅವಳ ಕಾಲು ಮೇಜಿನ ಕೆಳಗೆ ಕುಣಿಯಿತು.

ನಾಲ್ಕು ಗಂಟೆಗೆ ಅವಳು ಎದ್ದು ನಿಂತೇ ಹೇಳಿದಳು. "ಕಿವಿ ಇರೋರು ಕೇಳಿ. ಆ ಅಮ್ಮ ಯಾವತ್ತೋ ಸತ್ತಿದ್ದಾಳೆ. ಹಗಲು ಅಡುಗೆ ಮಾಡ್ತಾಳೆ, ರಾತ್ರಿ ಬೀರುವಲ್ಲಿರ್ತಾಳೆ. ಮಗಳಿಗೂ ಗೊತ್ತು, ಗೊತ್ತಿದ್ರೂ ಬಿಟ್ಟು ಹೋಗಲ್ಲ. ಯಾಕೇಂದ್ರೆ ದೆವ್ವ ಆದ್ರೂ ಅಮ್ಮ ಅಮ್ಮನೇ. ಈ ವರ್ಷ ಇಂಥ ಸಿನಿಮಾ ಇನ್ನೊಂದು ಬಂದಿಲ್ಲ, ಬರೋದೂ ಇಲ್ಲ."

ಟೀ ಆರಿಹೋಯಿತು. ಅಚ್ಚಿನವಳು ಕಣ್ಣೊರೆಸಿಕೊಂಡಳು. ಪಾಲಿಶಿನವನು, "ಇವತ್ತೇ ನೋಡ್ಬೇಕು" ಎಂದ. ಅಕ್ಕ ಓರೆಗಣ್ಣಿನಿಂದ ತಂಗಿಯನ್ನು ನೋಡಿದಳು. ತಂಗಿ ಒಂದು ಮಾತೂ ಆಡಲಿಲ್ಲ, ಅಕ್ಕನ ಮುಖವನ್ನೇ ನೋಡುತ್ತಾ ಕೂತಿದ್ದಳು. ಬಾಯಿಗೆ ಬೀಗ ಬಿತ್ತು ಎಂದುಕೊಂಡ ಅಕ್ಕ ಆ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ರಾಣಿಯ ಹಾಗೆ ಮನೆಗೆ ಹೋದಳು.

ಮರುದಿನ ಟೀ ಹೊತ್ತಿನವರೆಗೂ ಯಾರೂ ಕಾಯಲಿಲ್ಲ. ಬೆಳಿಗ್ಗೆಯೇ ಅಚ್ಚಿನವಳು ಬಾಗಿಲಲ್ಲಿ ನಗುತ್ತಾ ನಿಂತಿದ್ದಳು.

"ಅಕ್ಕಾ, ಅಮ್ಮ ಬೇರೆ, ದೆವ್ವ ಬೇರೆ! ಕೊನೇಲಿ ಇಬ್ರೂ ಜುಟ್ಟು ಹಿಡ್ಕೊಂಡು ಹೊಡೆದಾಡ್ತಾರಲ್ಲ, ನೀನು ನೋಡ್ಲಿಲ್ವಾ? ಆ ದೆವ್ವ ಹಳೇ ಬಾಡಿಗೆಯವಳು!"

"ಧ್ವನಿ ಒಂದೇ ಅಲ್ವಾ..." ಎಂದಳು ಅಕ್ಕ.

"ಕನ್ನಡ ಮಾಡೋವಾಗ ದುಡ್ಡು ಉಳಿಸೋಕೆ ಇಬ್ರಿಗೂ ಒಬ್ಳ ಕೈಲೇ ಮಾತಾಡ್ಸಿದ್ದಾರೆ ಅಷ್ಟೆ" ಎಂದ ಪಾಲಿಶಿನವನು. ಆಮೇಲೆ ಮೇಣದ ಡಬ್ಬ, ಫೋನು, ಅಕ್ಕನ ಬಗ್ಗಿದ ಕುತ್ತಿಗೆ ಎಲ್ಲವನ್ನೂ ಒಂದು ಸಲ ನೋಡಿ, "ಅಯ್ಯೋ ಶಿವನೇ! ಇಷ್ಟು ವರ್ಷ ನೀನು ಸಿನಿಮಾ ನೋಡೇ ಇಲ್ವಾ?" ಎಂದ.

ಅವನಿಗೆ ಅದರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಆದರೂ ಅಕ್ಕನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಂಜೆ ಬಸ್ ನಿಲ್ದಾಣದಲ್ಲಿ ತಂಗಿಯ ಮೊಣಕೈ ಹಿಡಿದು ನಿಲ್ಲಿಸಿದಳು.

"ನೀನು ಆ ಸಿನಿಮಾ ಮೊದಲೇ ನೋಡಿದ್ದೆ ತಾನೆ?"

"ಹೂಂ. ಭಾನುವಾರ."

"ಮತ್ತೆ ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ. ಸಿನಿಮಾಕ್ಕಿಂತ ಅದೇ ಚೆನ್ನಾಗಿತ್ತು. ಹೆಂಗೆ ತಡೀಲಿ?"

ತಂಗಿ ತಿರಸ್ಕಾರದಿಂದ ಹೇಳಿದ್ದರೆ ಅಕ್ಕ ಬದುಕಿಕೊಳ್ಳುತ್ತಿದ್ದಳು. ಅವಳು ನಿಜವಾದ ಪ್ರೀತಿಯಿಂದ ಹೇಳಿದಳು. ಅದು ಉರಿವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಓಲೆ, ಹಲ್ಲಿನ ತಮಾಷೆ, ಟಿವಿ, ಗಂಡ, ಮಾತು ಎಲ್ಲ ಅವಳಿಗೆ ಹೋದವು. ಉಳಿದದ್ದು ಒಳ್ಳೆಯತನ ಒಂದು, ಅದರಲ್ಲೂ ಇವಳೇ ಮುಂದೆ! "ಭಾನುವಾರ ನಮ್ಮನೆಗೆ ಬಾ, ಹೊಸದೊಂದು ದೆವ್ವದ್ದು ಬಂದಿದೆ. ಕೂತು ನೋಡೋಣ" ಎಂದು ತಂಗಿ ಕರೆದಾಗ, ಹೋಗಬಾರದು ಎಂದುಕೊಂಡೇ ಅಕ್ಕ ಹೂಂ ಎಂದಳು.

ಭಾನುವಾರ ಮಧ್ಯಾಹ್ನ ಪರದೆ ಎಳೆದ ಕೋಣೆಯಲ್ಲಿ ಅಕ್ಕ ತಂಗಿ ಇಬ್ಬರೇ. ಗೆಳೆಯನ ಮನೆ ಸಾಮಾನು ಸಾಗಿಸಲು ತಂಗಿಯ ಗಂಡ ಹೋಗಿದ್ದ. ಮೆತ್ತನೆಯ ಸೋಫಾದಲ್ಲಿ ಕೂತು, ಕೈಯಲ್ಲಿ ಚಾಕುವಿಲ್ಲದೆ, ಕಣ್ಣು ತೆರೆದು ಅಕ್ಕ ಸಿನಿಮಾ ನೋಡಿದಳು. ಎಷ್ಟೊಂದು ಇತ್ತು ಅಲ್ಲಿ! ಯಾರೂ ಮಾತಾಡದಾಗ ಮುಖಗಳು ಮಾತಾಡುತ್ತಿದ್ದವು. ಒಬ್ಬಳು ಸುಳ್ಳು ಹೇಳುವಾಗ ಬೆರಳಿಂದ ಮೇಜಿನ ಧೂಳು ಒರೆಸುತ್ತಿದ್ದಳು. ಇಷ್ಟು ವರ್ಷ ತನ್ನ ಪಾಲಿಗೆ ಬರದೇ ಹೋದದ್ದನ್ನು ನೆನೆದು ಅಕ್ಕನಿಗಾದ ದುಃಖವೂ ಕೋಪವಾಗಿಯೇ ಹೊರಬಂತು. ಇವಳು ವಾರವಾರವೂ ಇದನ್ನೆಲ್ಲ ಪುಕ್ಕಟೆ ನುಂಗುತ್ತಿದ್ದಳು!

ನಾಯಕಿ ನೆಲಮಾಳಿಗೆಯ ಮೆಟ್ಟಿಲು ಇಳಿಯತೊಡಗಿದಾಗ ತಂಗಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು.

"ಏನೇ ಇದು?" ಎಂದಳು ಅಕ್ಕ.

"ದೆವ್ವ ಬಂದು ನಿಂತ್ಮೇಲೆ ನಂಗೆ ಭಯ ಇಲ್ಲ ಕಣೇ, ಬರೋವಾಗಲೇ ಜೀವ ಹೋಗುತ್ತೆ. ಯಾವಾಗ್ಲೂ ನಮ್ಮನೆಯವ್ರೇ ನೋಡಿ ಹೇಳೋದು. ಇವತ್ತು ನೀನು ಹೇಳು. ಕಣ್ಣು ಬಿಡ್ಲಾ?"

ಪರದೆಯ ಮೇಲೆ ಕಪ್ಪು ಬಾಗಿಲು. ಸದ್ದಿಲ್ಲ. ಪಿಟೀಲೂ ಇಲ್ಲ. ಒಳ್ಳೆ ದೆವ್ವ ಬರುವ ಹೊತ್ತು ಇದು ಎಂದು ಅಕ್ಕನಿಗೆ ತಿಳಿದಷ್ಟು ಈ ಲೋಕದಲ್ಲಿ ಇನ್ನಾರಿಗೂ ತಿಳಿದಿರಲಿಲ್ಲ. ಅವಳು ಮೂರು ಎಣಿಸಿ, ಅಮ್ಮನಂತೆ ಮೃದುವಾಗಿ ಹೇಳಿದಳು.

"ಬಂದು ಹೋಯ್ತು. ಕಣ್ಣು ಬಿಡು."

ತಂಗಿ ಕಣ್ಣು ಬಿಟ್ಟಳು. ಗೋಡೆಯಗಲದ ಮುಖ ಎದುರಿಗೆ ಬಾಯಿ ತೆರೆಯಿತು. ಅವಳು ಕಿರುಚಿದ ರಭಸಕ್ಕೆ ಪಕ್ಕದ ಮನೆಯವರು ಬಾಗಿಲು ಬಡಿದರು, ದಿಂಬು ಹಾರಿ ಹೂದಾನಿ ಉರುಳಿತು. ಅಕ್ಕ ಏನೂ ಗೊತ್ತಿಲ್ಲದವಳಂತೆ, "ಅಯ್ಯೋ, ಹೋಗಿದೆ ಅಂದ್ಕೊಂಡೆ" ಎಂದಳು. ನಲವತ್ತಾರು ವರ್ಷದಲ್ಲಿ ಅಷ್ಟು ಹಾಯಾದ ಭಾನುವಾರ ಅವಳು ಕಂಡಿರಲಿಲ್ಲ.

ಸೋಮವಾರ ನಾಲ್ಕು ಗಂಟೆಗೆ ತಂಗಿ ಆ ಕಥೆಯನ್ನೇ ಹೇಳಿದಳು. ತನ್ನ ಕಿರುಚಾಟ, ಹಾರಿದ ದಿಂಬು, ಸೌಟು ಹಿಡಿದು ಓಡಿಬಂದ ಪಕ್ಕದ ಮನೆಯಾಕೆ, ಎಲ್ಲವನ್ನೂ ಎದ್ದು ನಿಂತು ಆಡಿ ತೋರಿಸಿದಳು. ನಕ್ಕು ನಕ್ಕು ಪಾಲಿಶಿನವನಿಗೆ ಬಿಕ್ಕಳಿಕೆ ಹತ್ತಿತು. ಅಕ್ಕ ಮಾಡಿದ ಒಂದೇ ಒಂದು ಕಿತಾಪತಿ, ಅದರ ಕಥೆಯೂ ತಂಗಿಯದೇ ಆಯಿತು. ಸ್ಟೂಲುಗಳು ಚೀಟಿ ಮೇಜಿನ ಸುತ್ತ ಇದ್ದವು, ಅಕ್ಕ ಒಬ್ಬಳೇ ತನ್ನ ಜಾಗದಲ್ಲಿ ಕೂತಿದ್ದಳು.

"ನಿಜ ಹೇಳಕ್ಕಾ" ಎಂದಳು ಅಚ್ಚಿನವಳು ಅಲ್ಲಿಂದಲೇ. "ದೆವ್ವ ಬರುತ್ತೆ ಅಂತ ಗೊತ್ತಿದ್ದೇ ಕಣ್ಣು ಬಿಡ್ಸಿದ್ಯಾ?"

"ಗೊತ್ತಿದ್ದೇ ಬಿಡ್ಸಿದ್ದು" ಎಂದಳು ಅಕ್ಕ.

"ಅಯ್ಯೋ ಪಾಪಿ! ಯಾಕೆ?"

"ಹೊಟ್ಟೆಕಿಚ್ಚು. ಅವಳು ಹುಟ್ಟಿದಾಗಿನಿಂದ ಇದೆ."

ಕೋಣೆಯೇ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಇಂಥ ತಮಾಷೆ ಅಕ್ಕನ ಬಾಯಲ್ಲಿ ಇಷ್ಟು ದಿನ ಎಲ್ಲಿತ್ತು ಎಂದು ಪಾಲಿಶಿನವನು ಬಿಕ್ಕಳಿಸುತ್ತಲೇ ಕೇಳಿದ. ಒಳಗಿಂದ ಯಜಮಾನರೂ ನಕ್ಕರು. ತಂಗಿ ಒಬ್ಬಳೇ ನಗಲಿಲ್ಲ. ಆಡಿ ತೋರಿಸಲು ಎತ್ತಿದ್ದ ಕೈಗಳನ್ನು ಮೆಲ್ಲಗೆ ಇಳಿಸಿ, ಕಣ್ಣು ಮುಚ್ಚದೆ, ಅಕ್ಕನನ್ನೇ ನೋಡುತ್ತಾ ನಿಂತಳು.