ಕಡೇ ಪಂಕ್ತಿಯವನ ಕೊಡೆ

ಆ ಶನಿವಾರ ಬೆಳಿಗ್ಗೆ ಬೂತಪ್ಪ ಅಕ್ಕಿರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಅದೂ ಬಲದವಡೆಯಲ್ಲಿ ಮಾತ್ರ. ಎಡಗೆನ್ನೆ ಬಾತು ಕಡುಬಿನ ಹಾಗಾಗಿತ್ತು.

"ಇವತ್ತಾದ್ರೂ ಬಂದು ತೋರಿಸ್ತೀರೋ ಇಲ್ವೋ?" ಎಂದಳು ಅವನ ಹೆಂಡತಿ ಶಾಂತಕ್ಕ.

"ಬರ್ತೀನಿ ಮಾರಾಯ್ತಿ. ಒಂದು ಹಲ್ಲಿಗೆ ಎಷ್ಟು ಸಲ ಹೇಳ್ತೀಯ?"

"ಹಲ್ಲು ಒಂದೇ. ನಾ ಹೇಳಕ್ಕೆ ಶುರು ಮಾಡಿ ವಾರ ಆತು."

"ಲವಂಗ ಇಟ್ಕಂಡಿದೀನಲ್ಲ."

"ಲವಂಗ ಪಲಾವಿಗೆ ಹಾಕ್ತಾರೆ. ಕೀವಿಗಲ್ಲ."

ಅವನು ನಕ್ಕ. ಅರ್ಧ ಬಾಯಿ ಮಾತ್ರ ತೆರೆಯಿತು. ಅವಳಿಗೆ ನಗು ಬರಲಿಲ್ಲ. ಕೆಲಸಕ್ಕೆ ಹೊತ್ತಾಗಿತ್ತು.

ಅವಳ ಕೆಲಸ ಹಲ್ಲಿನ ಡಾಕ್ಟರ ಹತ್ತಿರವೇ. ಅದೇ ಮೈ ಉರಿಸುವ ಸಂಗತಿ. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಮೆಟ್ಟಿಲು ಹತ್ತಿದರೆ ಡಾಕ್ಟರ್ ಸೋಮನಾಥರ ಕ್ಲಿನಿಕ್. ಬೆಳಿಗ್ಗೆ ಹೊತ್ತು ಅವರು ಇಲ್ಲಿ, ಮಧ್ಯಾಹ್ನದ ಮೇಲೆ ಶೃಂಗೇರಿಯಲ್ಲಿ. ಶಾಂತಕ್ಕ ನೆಲ ಒರೆಸುತ್ತಿದ್ದಳು, ಉಗಿಯುವ ಬೋಗುಣಿ ತೊಳೆಯುತ್ತಿದ್ದಳು, ಇಕ್ಕಳ ಕನ್ನಡಿಗಳನ್ನು ತಿಕ್ಕಿ ಬಿಸಿ ಮೆಷಿನ್ನಿಗೆ ಹಾಕುತ್ತಿದ್ದಳು. ಹೊರಗೆ ಮೇಜಿನ ಮುಂದೆ ಫೋನು ಹಿಡಿದು ಕೂರುವವಳು ಅರ್ಪಣಾ. ಪಿಯುಸಿ ಓದಿದ ಹುಡುಗಿ. ಹೆಸರು ಕೂಗುವುದು ಅವಳ ಕೆಲಸ. ಆದರೆ ಕೂಗಿದರೆ ಓ ಎನ್ನುವವರು ಅಲ್ಲಿ ಇದ್ದರೆ ತಾನೆ?

ಅಲ್ಲಿನ ಬೆಂಚಿನ ಮೇಲೆ ಕೂರುತ್ತಿದ್ದದ್ದು ಜನರಲ್ಲ, ಕೊಡೆಗಳು. ಮೊದಲ ಬಸ್ಸು ಇಳಿದವರು ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲು ಹತ್ತಿ ಬಂದು, ಕೊಡೆಯೋ ಚೀಲವೋ ಟವಲ್ಲೋ ಇಟ್ಟು ಹೋಗಿಬಿಡುತ್ತಿದ್ದರು. ಒಬ್ಬರಂತೂ ಹಲಸಿನಹಣ್ಣು ಇಟ್ಟಿದ್ದರು. ಇಟ್ಟ ಮೇಲೆ ತಾಲ್ಲೂಕು ಆಫೀಸು, ಸೊಸೈಟಿ, ಹೋಟೆಲು. ಹೆಸರು ಕೂಗಿದಾಗ ಕೊಡೆ ಮಾತಾಡುವುದಿಲ್ಲ. ಆಮೇಲೆ ಯಾರೋ ಕೆಳಗಿನಿಂದ ಓಡಿ ಬಂದು, ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ ಡಾಕ್ಟರ ಕುರ್ಚಿ ಹತ್ತುತ್ತಿದ್ದರು.

ಕೊಡೆಗಿಂತ ದೊಡ್ಡದು ಇನ್ನೊಂದಿತ್ತು. ಬಸ್ಸು. "ನಮ್ ಬಸ್ಸು ಹೋಗ್ತದೆ" ಎಂದವರಿಗೆ ಎಲ್ಲರೂ ದಾರಿ ಬಿಡಬೇಕು. ಎಂಥ ಹಲ್ಲುನೋವೂ ಬಸ್ಸಿನ ಮುಂದೆ ಸಣ್ಣದು.

ಬೂತಪ್ಪ ಆ ದಿನ ಮಾತಿನಂತೆ ಬಂದ. ಕೊಡೆ ಇಟ್ಟು ಎಲ್ಲಿಗೂ ಹೋಗದೆ ಪಕ್ಕದಲ್ಲೇ ಕೂತ. ಸರದಿಯಲ್ಲಿ ಮೂರನೆಯವನು ಅವನೇ. ಶಾಂತಕ್ಕ ಹಿಂದಿನ ಕೋಣೆಯಲ್ಲಿ ಸಾಮಾನು ತೊಳೆಯುತ್ತಿದ್ದಳು. ಮುಂದಿನದೆಲ್ಲ ಅವಳಿಗೆ ಅರ್ಪಣಾ ಹೇಳಿ ತಿಳಿದದ್ದು.

ಜಯಪುರದ ಕಡೆಯ ಮುದುಕನಿಗೆ ಬಸ್ಸಿತ್ತು. ಬೂತಪ್ಪ ಬಿಟ್ಟುಕೊಟ್ಟ. ಇನ್ನೊಬ್ಬ ಹೆಂಗಸಿನ ಮಗು ಅಳುತ್ತಿತ್ತು. ಬಿಟ್ಟುಕೊಟ್ಟ. ಆಮೇಲೆ ನರಸಿಂಹರಾಜಪುರದ ವಾಸಪ್ಪ. ಈ ವಾಸಪ್ಪನಿಗೆ ಬಾಯಲ್ಲಿ ಸ್ವಂತದ್ದೊಂದು ಹಲ್ಲಿಲ್ಲ. ಡಾಕ್ಟರು ಮಾಡಿಕೊಟ್ಟ ಹಲ್ಲಿನ ಸೆಟ್ಟು ಮಾತಾಡುವಾಗ ಟಕಟಕ ಎನ್ನುತ್ತದೆ ಎಂದು ವಾರವಾರ ಬರುತ್ತಿದ್ದ. ಅವನಿಗೂ ಬಿಟ್ಟುಕೊಟ್ಟ.

"ಅಣ್ಣ, ನೀವು ಹೋಗಿ ಒಳಗೆ," ಎಂದಳಂತೆ ಅರ್ಪಣಾ.

"ಇರ್ಲಿ ತಂಗಿ. ನಂಗೆ ಇದು ಮನೆ ಇದ್ದಂಗೆ. ಬಂದೋರು ಮೊದ್ಲು."

ಅದು ಅವನ ರಕ್ತದಲ್ಲೇ ಇತ್ತು. ಮದುವೆ, ಗೃಹಪ್ರವೇಶ, ಎಲ್ಲಿ ದೊಡ್ಡ ಅಡುಗೆ ಇದ್ದರೂ ಸೌದೆ ಒಡೆಯಲು, ನೀರು ತುಂಬಲು, ಕೊಪ್ಪರಿಗೆ ತೊಳೆಯಲು ಬೂತಪ್ಪನೇ ಬೇಕು. ಬಂದವರು ಮೊದಲ ಪಂಕ್ತಿ, ಮನೆಯವರು ಕಡೇ ಪಂಕ್ತಿ, ಕೆಲಸದವರು ಅದಕ್ಕೂ ಆಮೇಲೆ. ಜನ್ಮವಿಡೀ ಅವನು ತಿಂದದ್ದು ಪಾಯಸದ ತಳ, ಸಾರಿನ ಗಸಿ. ಯಾರದೋ ಮನೆಯಲ್ಲಿ ಸರಿ. ಹಲ್ಲಿನ ಡಾಕ್ಟರ ಬೆಂಚಿನಲ್ಲಿ ಎಂಥ ಪಂಕ್ತಿ? ಹೆಂಡತಿ ನೆಲ ಒರೆಸುವ ಜಾಗ ಎಂದ ಮಾತ್ರಕ್ಕೆ ಅದು ಇವನ ಮನೆಯೇ? ಇವನೇನು ಮದುಮಗಳ ಅಪ್ಪನೇ?

ಶಾಂತಕ್ಕ ಕೈ ಒರೆಸಿಕೊಂಡು ಹೊರಗೆ ಬರುವಾಗ ಡಾಕ್ಟರು ಶೃಂಗೇರಿಗೆ ಹೊರಟಿದ್ದರು. ಬೂತಪ್ಪ ಎದ್ದು ನಿಂತು ಅವರ ಚೀಲ ಎತ್ತಿಕೊಂಡು ಕಾರಿನವರೆಗೆ ಹೋಗಿದ್ದ. ಮುಖಕ್ಕೆ ಟವಲ್ಲು ಸುತ್ತಿತ್ತು.

"ಏನು ಬೂತಪ್ಪ, ಚೆನ್ನಾಗಿದೀಯ?" ಎಂದರಂತೆ ಡಾಕ್ಟರು.

"ಇದೀನಿ ಸಾರ್" ಎಂದನಂತೆ.

ಮೆಟ್ಟಿಲ ಮೇಲೆ ಅವಳು ಸಿಕ್ಕಿದಾಗ, "ಸೋಮವಾರ ತೋರಿಸ್ತೀನಿ ಬಿಡು" ಎಂದ. ಅವಳು ಬಾಯಿಗೆ ಬಂದಂತೆ ಬೈದಳು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದೂ ಬೈದಳು. ಅವನು ಕೊಡೆ ಬಗಲಿಗೆ ಸಿಕ್ಕಿಸಿಕೊಂಡು ಮನೆಗೆ ಹೋದ.

ಭಾನುವಾರ ಬೆಳಗಾಗುವಾಗ ಬಾವು ಕುತ್ತಿಗೆಗೆ ಇಳಿದಿತ್ತು. ನಾಲಗೆ ಮೇಲಕ್ಕೆ ಎದ್ದು ನಿಂತಿತ್ತು. ಎಂಜಲು ನುಂಗಲಾಗದೆ ಹರಿಯುತ್ತಿತ್ತು. ಆಟೋ, ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಶಿವಮೊಗ್ಗಕ್ಕೆ ಆಂಬುಲೆನ್ಸು. ತೀರ್ಥಹಳ್ಳಿ ದಾಟಿ ಮಂಡಗದ್ದೆ ಸಿಕ್ಕುವ ಮೊದಲೇ ಉಸಿರು ನಿಂತಿತು.

"ಹಲ್ಲುನೋವಿಗೆ ಯಾರಾದ್ರೂ ಸಾಯ್ತಾರಾ?" ಎಂದು ಬಂದವರೆಲ್ಲ ಕೇಳಿದರು. ಕರ್ಮದ ಊಟದ ದಿನವೂ ಕೇಳಿದರು. ಉತ್ತರ ಹೇಳಿ ಹೇಳಿ ಶಾಂತಕ್ಕನಿಗೆ ಸಾಕಾಯಿತು. ಎಲೆ ಹಾಕಿದ ಕೂಡಲೇ ಅವಳು ಹೋಗಿ ಮೊದಲ ಪಂಕ್ತಿಯಲ್ಲಿ ಕೂತುಬಿಟ್ಟಳು. ನಾದಿನಿ ಸಣ್ಣಕ್ಕ ಅನ್ನದ ಬುಟ್ಟಿ ಹಿಡಿದು ಕಣ್ಣುಬಿಟ್ಟಳು.

"ಅತ್ತಿಗೆ, ಬಂದೋರು ಇನ್ನೂ ಕೂತಿಲ್ಲ."

"ಬಂದೋರು ಬಂದಂಗೇ ಹೋಗ್ತಾರೆ. ಬಡ್ಸು."

ಎರಡು ತುತ್ತು ತಿಂದಳು. ಮಿಕ್ಕದ್ದು ಎಲೆಯಲ್ಲೇ ಉಳಿಯಿತು. ಆದರೂ ಏಳಲಿಲ್ಲ.

ಮತ್ತೆ ಕೆಲಸಕ್ಕೆ ಹೋದಾಗ ಅದೇ ಬೆಂಚು, ಅದೇ ಕೊಡೆಗಳು. ಡಾಕ್ಟರು ಅವಳನ್ನು ಒಳಗೆ ಕರೆದರು.

"ಅವನು ಒಂದು ಮಾತು ಹೇಳಬಾರದಿತ್ತಾ ಶಾಂತಕ್ಕ?"

"ಹೇಳೋ ಪೈಕಿ ಅಲ್ಲ ಸಾರ್ ಅವ್ರು. ಕೇಳೋರೂ ಇರ್ಲಿಲ್ಲ."

ಡಾಕ್ಟರು ತಲೆ ತಗ್ಗಿಸಿದರು. ಆಮೇಲೆ, "ಇದನ್ನ ಹೀಗೇ ಬಿಡೋದು ಬೇಡ" ಎಂದರು.

ಅವಳಿಗೂ ಬೇಕಾದದ್ದು ಅಷ್ಟೇ. ಇನ್ನೊಬ್ಬರು ಬಾತ ಮುಖ ಹೊತ್ತು ಆ ಬೆಂಚಿನಲ್ಲಿ ಕೂತು, ಹಾಗೇ ಎದ್ದು ಹೋಗಬಾರದು.

ಮೊದಲು ಫೋನಿನಲ್ಲಿ ಹೊತ್ತು ಕೊಡುವುದು ಎಂದಾಯಿತು. ಅರ್ಪಣಾ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಹೇಳಿದಳು. ಎಲ್ಲರೂ ಹೂಂ ಹೂಂ ಎಂದರು. ಎಲ್ಲರೂ ಮೊದಲ ಬಸ್ಸಿಗೇ ಬಂದರು. "ಹನ್ನೊಂದಕ್ಕೆ ಅಂದ್ರೆ ಎಂತದ್ರಲ್ಲಿ ಬರಾದು? ಆ ಹೊತ್ತಿಗೆ ಬಸ್ಸೇ ಇಲ್ಲ" ಎಂದರು. ಅದೂ ಸುಳ್ಳಲ್ಲ.

ಆಮೇಲೆ ಟೋಕನ್. ರಟ್ಟು ಕತ್ತರಿಸಿ ನಂಬರು ಬರೆದರು. ಮೊದಲು ಬಂದವನೊಬ್ಬ ತನಗೆ, ಭಾವನಿಗೆ, ಪಕ್ಕದ ಮನೆಯವಳಿಗೆ ಎಂದು ಮೂರು ತೆಗೆದುಕೊಂಡ. ಭಾವ ಇನ್ನೂ ಬಸ್ಸಿನಲ್ಲೇ ಇದ್ದ. ಇನ್ನೊಬ್ಬ ಟೋಕನ್ನು ಕೊಡೆಗೆ ಸಿಕ್ಕಿಸಿ ಇಟ್ಟು ಸಂತೆಗೆ ಹೋದ.

ಆಮೇಲೆ ಬೋರ್ಡು. ಬಾವು ಇದ್ದವರು, ರಕ್ತ ನಿಲ್ಲದವರು, ಬಿದ್ದು ಹಲ್ಲು ಮುರಿದುಕೊಂಡ ಮಕ್ಕಳು ಮೊದಲು ಎಂದು ಡಾಕ್ಟರು ಬರೆಸಿ ಹಾಕಿದರು. ಅವತ್ತಿನಿಂದ ಕೊಪ್ಪ ತಾಲ್ಲೂಕಿಗೆಲ್ಲ ಬಾವು ಬಂತು. ಹಲ್ಲು ಬಿಳಿ ಮಾಡಿಸಲು ಬಂದವಳೂ ಕೆನ್ನೆ ಒತ್ತಿ ಹಿಡಿದುಕೊಂಡಳು.

"ತೋರ್ಸಿ ನೋಡಣ," ಎನ್ನುತ್ತಿದ್ದಳು ಶಾಂತಕ್ಕ.

"ಒಳಗಡೆ ಬಾವು ಅದು, ನಿಂಗೆ ಕಾಣದಿಲ್ಲ."

ಬಾಯಿ ಮಾಡುವವರಿಗೆ ಬಾವು ಇರುವುದಿಲ್ಲ. ಬಾವು ಇದ್ದವರಿಗೆ ಬಾಯಿ ಇರುವುದಿಲ್ಲ. ಇದನ್ನು ಯಾವ ಬೋರ್ಡಿನಲ್ಲಿ ಬರೆಯುವುದು?

ಅವಳು ಈಗ ಒಳಗೆ ಕೈ ಆಡಿಸುತ್ತಲೇ ಮತ್ತೆ ಮತ್ತೆ ಹೊರಗೆ ಇಣುಕುತ್ತಿದ್ದಳು. ಒಂದು ದಿನ ತೊಳೆದ ಸಾಮಾನಿನ ತಟ್ಟೆ ಹಿಡಿದು ನಿಂತಿದ್ದಾಗ ಮೆಟ್ಟಿಲ ಕಡೆಯಿಂದ ಮಾತು ಕೇಳಿತು.

"ನೀವು ಹೋಗಿ ಅಣ್ಣ, ನಿಮಗೆ ಬಸ್ಸಿರ್ತದೆ. ನಂದೇನು, ಶಾಂತಕ್ಕ ನಮ್ಮೋಳೇ. ಕಡೆಗೆ ಹೋದ್ರಾತು."

ತಟ್ಟೆಯನ್ನು ಅಲ್ಲೇ ಇಟ್ಟಳು. ಅವಳು ಹೊರಗೆ ಹೋಗಿ ನೋಡಿದಳು. ಕಮ್ಮರಡಿಯ ಕುಸುಮಾ. ಮದುವೆಮನೆಗಳಲ್ಲಿ ಬೂತಪ್ಪನ ಜೊತೆ ಪಾತ್ರೆ ತಿಕ್ಕಲು ಬರುತ್ತಿದ್ದವಳು. ಬೆಂಚಿನ ಮೇಲೂ ಕೂತಿರಲಿಲ್ಲ, ಮೆಟ್ಟಿಲ ಮೇಲೆ ಕೂತಿದ್ದಳು. ಮುಖದ ತುಂಬ ಸೆರಗು.

ಶಾಂತಕ್ಕ ಸೆರಗು ಎಳೆದಳು. ದವಡೆಯ ಕೆಳಗೆಲ್ಲ ಕೆಂಪಗೆ ಬಿಗಿದಿತ್ತು.

"ಬಾಯಿ ತೆಗಿ."

ಒಂದು ಬೆರಳು ಹೋಗುವಷ್ಟು ತೆರೆಯಿತು.

"ಎಂಜಲು ನುಂಗಕ್ಕಾಗ್ತದಾ?"

ಕುಸುಮಾ ತಲೆ ಅಲ್ಲಾಡಿಸಿದಳು. "ಬೆಳಗಿಂದ ಇಲ್ಲ ಅಕ್ಕ. ಇರ್ಲಿ, ಇವ್ರದ್ದೆಲ್ಲ ಆಗ್ಲಿ…"

"ನಿನ್ನ ಮನೆ ಹಾಳಾಗ! ಏಳು ಮೇಲೆ!"

ರಟ್ಟೆ ಹಿಡಿದು ಎಳೆದುಕೊಂಡೇ ಒಳಗೆ ಹೋದಳು. ಕುರ್ಚಿಯಲ್ಲಿ ವಾಸಪ್ಪ ಅಂಗಾತ ಮಲಗಿದ್ದ. ಹಲ್ಲಿನ ಸೆಟ್ಟು ತೆಗೆದು ಕೈಯಲ್ಲಿ ಹಿಡಿದಿದ್ದ.

"ಇಳೀರಿ."

"ಎಂತ? ನನ್ನ ಬಸ್ಸು ಹೋಗ್ತದಲ್ಲ ಮಾರಾಯ್ತಿ!" ಬರೀ ಒಸಡಿನ ಬಾಯಲ್ಲಿ ಮಾತು ಗಾಳಿಯಾಗಿ ಬಂತು.

"ಹೋಗ್ಲಿ. ಇಳೀರಿ ಮೊದ್ಲು."

ಡಾಕ್ಟರು ಕುಸುಮಾಳ ಮುಖ ನೋಡಿದರು. ಕುತ್ತಿಗೆ ಮುಟ್ಟಿ ನೋಡಿ, "ಅರ್ಪಣಾ, ಆಂಬುಲೆನ್ಸಿಗೆ ಫೋನ್ ಮಾಡು. ಈಗಲೇ. ಇದು ಇಲ್ಲಿ ಮುಗಿಯೋದಲ್ಲ" ಎಂದು ಇಂಜೆಕ್ಷನ್ನಿಗೆ ಕೈ ಹಾಕಿದರು.

ಹೊರಗೆ ವಾಸಪ್ಪನ ಗಲಾಟೆ ನಿಂತಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, ಕೈಯಲ್ಲಿ ಸೆಟ್ಟು ಆಡಿಸುತ್ತಾ ಉಳಿದವರಿಗೆಲ್ಲ ನ್ಯಾಯ ಹೇಳುತ್ತಿದ್ದ. ಶಾಂತಕ್ಕ ಬಂದ ಕೂಡಲೇ ಅವಳ ಮೇಲೆ ತಿರುಗಿದ.

"ಅಲ್ಲ ಶಾಂತಕ್ಕ, ನಿನ್ನ ಗಂಡ ಎಂಥ ಮರ್ಯಾದಸ್ಥ! ಹಿಂದೊಂದ್ಸಲ ಇಲ್ಲೇ ಕೂತಿದ್ದೋನು ನನ್ನ ನೋಡಿ, ನೀವು ಹೋಗಿ ಅಂದ. ಎದ್ದು ಜಾಗ ಬಿಟ್ಟ. ನಿಂಗೆ ಅದರಲ್ಲಿ ಕಾಲು ಭಾಗ ಇದ್ರೆ ಸಾಕಿತ್ತು. ಎಲ್ಲಿ ಅವ್ನು, ಈಗೀಗ ಕಾಣದೇ ಇಲ್ಲ?"

ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿದರು. ಕೊಪ್ಪದವರಿಗೆ ಗೊತ್ತಿತ್ತು. ವಾಸಪ್ಪನಿಗೆ ಗೊತ್ತಿರಲಿಲ್ಲ.

"ಅವತ್ತು ನಿಮಗೆ ಜಾಗ ಬಿಟ್ಟು ಮನೆಗೆ ಹೋದ್ರು. ಮಾರನೇ ದಿನ ಸತ್ರು. ಇವ್ಳಿಗಿರೋ ಬಾವೇ ಅವ್ರಿಗೂ ಇತ್ತು."

ವಾಸಪ್ಪ ಕೈಯಲ್ಲಿದ್ದ ಹಲ್ಲನ್ನು ನೋಡಿದ. ಬಾಯಿಗೆ ಹಾಕಿಕೊಳ್ಳಲು ಹೋಗಿ, ಹಾಕಿಕೊಳ್ಳದೆ ಜೇಬಿಗೆ ಹಾಕಿದ. ಕೆಳಗೆ ನರಸಿಂಹರಾಜಪುರದ ಬಸ್ಸು ಹಾರ್ನ್ ಹೊಡೆದು ಹೊರಟಿತು. ಅವನು ಏಳಲಿಲ್ಲ.

ಡಾಕ್ಟರು ಆಂಬುಲೆನ್ಸಿನಲ್ಲಿ ತಾವೇ ಕುಸುಮಾಳ ಜೊತೆ ಹೋದರು. ಅವತ್ತು ಕ್ಲಿನಿಕ್ ಅರ್ಧಕ್ಕೇ ಮುಚ್ಚಿತು. ಎಲ್ಲೆಲ್ಲೋ ಹೋಗಿದ್ದವರು ಓಡಿ ಬಂದು, ಬಾಗಿಲು ಹಾಕಿದ್ದು ನೋಡಿ ಶಾಂತಕ್ಕನಿಗೇ ಬೈದರು. ಬೈಸಿಕೊಂಡಳು. ಒಬ್ಬೊಬ್ಬರ ಕೊಡೆ ಅವರವರ ಕೈಗೆ ಕೊಟ್ಟಳು.

ಕುಸುಮಾ ಉಳಿದಳು. ಕುತ್ತಿಗೆಯಲ್ಲಿ ಕೊಯ್ದು ಕೀವು ತೆಗೆದ ಗಾಯ ಒಣಗುವ ಮೊದಲೇ ಒಂದು ಕಟ್ಟು ಹಲಸಿನ ಹಪ್ಪಳ ಹಿಡಿದು ಬಂದಳು. ಬಂದವಳು ಮತ್ತೆ ಮೆಟ್ಟಿಲ ಮೇಲೇ ಕೂತಿದ್ದಳು. "ಒಳಗೆ ರಶ್ಶಿತ್ತಲ್ಲ ಅಕ್ಕ, ಅದ್ಕೆ" ಎಂದಳು. ಶಾಂತಕ್ಕ ಹಣೆ ಹಣೆ ಚಚ್ಚಿಕೊಂಡಳು. ಹಪ್ಪಳ ಇಸಿದುಕೊಂಡಳು.

ಡಾಕ್ಟರ ಬಾಗಿಲಿನ ಪಕ್ಕ ಒಂದು ಕುರ್ಚಿ ಬೇಕು ಎಂದು ಅವಳು ಕೇಳಿದ್ದು ಆಗಲೇ. ಬಾತ ಮುಖದವರು ಬಂದರೆ ತಾನೇ ಹಿಡಿದು ತಂದು ಅಲ್ಲಿ ಕೂರಿಸುವುದು. ಅಲ್ಲಿ ಕೂತವರು ಮುಂದಿನವರು. ಬಸ್ಸಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಡಾಕ್ಟರು ಆಯಿತು ಎಂದರು. ಹಲ್ಲಿನ ಸೆಟ್ಟಿಗೆಂದು ಬರುವವರು ಗುರುವಾರ ಮಾತ್ರ ಬರಲಿ ಎಂದೂ ಅವರೇ ಮಾಡಿದರು. ಅದರಿಂದ ಬೆಂಚು ಸ್ವಲ್ಪ ಹಗುರಾಯಿತು.

ಕುರ್ಚಿ ಇಟ್ಟ ಮೊದಲ ದಿನವೇ ಒಬ್ಬಳು ಅದರ ಮೇಲೆ ತರಕಾರಿ ಚೀಲ ಇಟ್ಟಳು. ಎರಡನೇ ದಿನ ಯಾರೋ ಮಗು ಮಲಗಿಸಿದರು. ಗುರುವಾರ ವಾಸಪ್ಪ ಬಂದ. ಶಾಂತಕ್ಕನ ಮುಖ ನೋಡಲಾರದೆ ಬಗ್ಗಿಕೊಂಡೇ ಬಂದವನು, ಬಂದು, ಅದೇ ಕುರ್ಚಿಯ ಮೇಲೆ ತನ್ನ ಕೊಡೆ ಇಟ್ಟ.

"ವಾಸಪ್ಪಣ್ಣ!"

"ಅಯ್ಯೋ, ಖಾಲಿ ಇತ್ತಲ್ಲ ಅಂತ…"

ಖಾಲಿ ಕುರ್ಚಿ ಈ ಊರಿನಲ್ಲಿ ಖಾಲಿ ಇರಲಾರದು. ಬರೆದು ಹಾಕಿದರೆ ಓದುವುದಿಲ್ಲ, ಬೈದರೆ ಕೇಳುವುದಿಲ್ಲ. ಇವರು ತಲೆಬಾಗುವುದು ಒಂದಕ್ಕೇ. ಬೇರೆಯವರ ಕೊಡೆಯನ್ನು ಯಾರೂ ಎತ್ತಿ ಸರಿಸುವುದಿಲ್ಲ.

ಮಾರನೇ ದಿನ ಅವಳು ಮನೆಯಿಂದ ಬೂತಪ್ಪನ ಕೊಡೆ ತಂದಳು. ಹಿಡಿ ಸೀಳಿದ್ದಕ್ಕೆ ಅವನೇ ತಂತಿ ಸುತ್ತಿದ್ದ ಕೊಡೆ.

ಈಗ ದಿನಾ ಅದೇ. ಬೀಗ ತೆಗೆಯುತ್ತಾಳೆ. ನೆಲ ಒರೆಸುತ್ತಾಳೆ. ನೆಲ ಆರುವ ಮುಂಚೆಯೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಆಗುತ್ತದೆ. ಕುರ್ಚಿ ತಂದು ಡಾಕ್ಟರ ಬಾಗಿಲಿನ ಪಕ್ಕ ಹಾಕುತ್ತಾಳೆ. ಕೊಡೆಯ ಧೂಳು ಕೊಡವಿ, ತಂತಿ ಸಡಿಲಾಗಿದ್ದರೆ ಬಿಗಿದು, ಕುರ್ಚಿಯ ಮೇಲೆ ಅಡ್ಡ ಇಡುತ್ತಾಳೆ.

"ಇದ್ಯಾರದ್ದು ಕೊಡೆ, ಇಷ್ಟು ಬೇಗ?" ಎಂದು ಯಾರಾದರೂ ಕೇಳುತ್ತಾರೆ.

"ಇದಾರೆ ಒಬ್ರು. ನೀವು ಹಿಂದೆ ಕೂತ್ಕಳಿ" ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತಾಳೆ.