ಹುಲಿ ಕಟ್ಟುವವರೂ ನನ್ನ ಮಂಡಿಯೂ

ನಮ್ಮ ಯಜಮಾನರು ಚನ್ನಗಿರಿಯಲ್ಲಿ ಆಡು-ಹುಲಿ ಆಟಕ್ಕೆ ಹೆಸರಾದವರು. ಗುಡಿಯ ಜಗಲಿಕಲ್ಲಿನ ಮೇಲೆ ಕೆತ್ತಿದ ಗೆರೆಗಳು, ಹುಣಸೆಬೀಜದ ಆಡು, ಬೆಣಚುಕಲ್ಲಿನ ಹುಲಿ. ಎದುರಿಗೆ ಕೂತವರು ಇನ್ನೂ ಗಡ್ಡ ಕೆರೆದುಕೊಳ್ಳುತ್ತಿರುವಾಗಲೇ ಇವರು ಆಡು ಸರಿಸಿ ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕಿರುತ್ತಾರೆ. ಹೇಗೆ ಹೊಳೆಯಿತೆಂದು ಕೇಳಿದರೆ, ನೋಡಿದ ಕೂಡಲೇ ಗೊತ್ತಾಗುತ್ತದೆ ಎನ್ನುತ್ತಾರೆ.

ಕಲ್ಲಿನ ಮೇಲೆ ಗೊತ್ತಾದರೆ ನನ್ನದೇನೂ ತಕರಾರಿಲ್ಲ. ಮನೆಯೊಳಗೂ ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಅದೇ ಕಷ್ಟ. ಹೋದ ಮಳೆಗಾಲದಿಂದ ನನ್ನ ಮಂಡಿ ಊದಿ, ಮೆಟ್ಟಿಲಿಳಿಯುವಾಗ ಜೀವ ಹೋಗುತ್ತಿತ್ತು. ದಾವಣಗೆರೆಯ ಡಾಕ್ಟರಿಗೆ ತೋರಿಸೋಣವೆಂದೆ. ಪೇಪರಿನಿಂದ ಅರ್ಧ ಕಣ್ಣೆತ್ತಿ ನೋಡಿ, ವಾಯು ಎಂದರು. ಬೆಳ್ಳುಳ್ಳಿ ತಿನ್ನಲು ಅಪ್ಪಣೆಯಾಯಿತು. ತಿಂದೆ. ಮಂಡಿ ಹಾಗೇ ಉಳಿಯಿತು, ಮನೆಗೆ ಬಂದವರು ಮಾತ್ರ ದೂರ ಕೂರತೊಡಗಿದರು.

ಅಷ್ಟರಲ್ಲಿ ಮೆದುಳಿನ ಸಂಶೋಧನೆ ಮಾಡುವ ನನ್ನ ಅಕ್ಕನ ಮಗಳು ಬಂದಳು. ನುರಿತ ಆಟಗಾರರಿಗೆ ಯೋಚಿಸದೆಯೇ ನಡೆ ಹೊಳೆಯುವುದು ಹೇಗೆಂದು ಅವಳಿಗೆ ತಿಳಿಯಬೇಕಂತೆ. ಚಿಕ್ಕಪ್ಪನ ತಲೆಗೆ ವೈರುಗಳ ಟೋಪಿ ಹಾಕಿ, ಕೂದಲಿಗೆಲ್ಲ ಜೆಲ್ ಬಳಿದು ಆಡಿಸಿದಳು. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಇವರು ಆ ಟೋಪಿಯಲ್ಲೇ ಫೋಟೊ ತೆಗೆಸಿಕೊಂಡು ಹೊನ್ನಾಳಿ, ನ್ಯಾಮತಿಯ ನೆಂಟರಿಗೆಲ್ಲ ಕಳಿಸಿದರು.

ಕಾಫಿ ಕುಡಿಯುತ್ತಾ ಹುಡುಗಿ ವಿವರಿಸಿದಳು. ವರ್ಷಗಟ್ಟಲೆ ಆಡಿ ಆಡಿ ಆಟದ ಪೇಚುಗಳೆಲ್ಲ ಮೆದುಳಿಗೆ ಪರಿಚಯವಾಗಿರುತ್ತವೆ, ಅದಕ್ಕೇ ಥಟ್ಟನೆ ಹೊಳೆಯುತ್ತದೆ. ಎಲ್ಲ ವಿಷಯದಲ್ಲೂ ಹಾಗೆ ಹೊಳೆಯುತ್ತದೇನು ಎಂದು ಕೇಳಿದೆ.

"ಇಲ್ಲ ಚಿಕ್ಕಮ್ಮ, ಪಳಗಿದ್ರಾಗೆ ಮಾತ್ರ. ಬೇರೆ ಕಡೆ ಅವ್ರೂ ನಮ್ಮಂಗೇ."

"ಹಂಗಾದ್ರೆ ಇವ್ರು ಎಷ್ಟು ಮಂಡಿ ನೋಡ್ಯಾರೆ, ಕೇಳವ್ವ."

ಯಜಮಾನರು ಕಾಫಿಯಲ್ಲಿ ಏನೋ ಬಿದ್ದಿದೆಯೆಂಬಂತೆ ಲೋಟವನ್ನೇ ನೋಡತೊಡಗಿದರು.

ಮರುವಾರ ದಾವಣಗೆರೆಗೆ ಹೋದೆವು. ಬಾಗಿಲಿನಿಂದ ಕುರ್ಚಿಯವರೆಗೆ ನಾನು ನಡೆದದ್ದನ್ನು ನೋಡಿಯೇ ಡಾಕ್ಟರು ಮಂಡಿ ಸವೆದಿದೆ ಎಂದರು. ಎಕ್ಸ್‌ರೇ ಆಮೇಲೆ ಅದನ್ನೇ ಹೇಳಿತು. ಇಷ್ಟು ತಡ ಯಾಕೆ ಮಾಡಿದಿರಿ ಎಂದೂ ಕೇಳಿದರು. ನನಗೆ ಅಳು ಬಂತು, ಸಿಟ್ಟಿನ ಅಳು. ಹುಲಿ ಕಟ್ಟುವವರು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು.

ಹೊರಗೆ ಮೆಟ್ಟಿಲ ಬಳಿ ಇವರು ನಿಂತರು. ಮದುವೆಯಾದಾಗಿನಿಂದ ನನ್ನ ವಿಷಯವೆಲ್ಲ ಗೊತ್ತಿದ್ದ ಮನುಷ್ಯ ಮೊದಲ ಸಲ ಕೇಳಿದರು.

"ಭಾಳ ನೋಯ್ತೈತೇನೆ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಸ್ವಲ್ಪ ಕಾಯಲಿ ಎಂದು, ನಿಧಾನವಾಗಿ ಯೋಚಿಸಿದವಳಂತೆ ನಿಂತು, ಹೌದು ಎಂದೆ.