ಹೂಂ ಅನ್ನುವ ಕೆಲಸ

“ಅಜ್ಜಾ, ಅಲ್ಲೆ ಹೂಂ ಅನಬ್ಯಾಡ ಮತ್ತ,” ಅಂತ ಮೊಮ್ಮಗಳು ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿಯೇ ಹೇಳಿದ್ದಳು. “ಅದು ಕಾಲೇಜ. ಎಲ್ಲಾರೂ ಸುಮ್ಮ ಕುಂತು ಕೇಳ್ತಾರ.”

“ಕೆಮ್ಮಬಹುದೇನವಾ?”

“ಕೆಮ್ಮು. ಆದ್ರ ಸಣ್ಣಗ.”

ನಗಿಸಲಿಕ್ಕೆ ಅಂದದ್ದು. ಆಕೆ ನಗಲಿಲ್ಲ. ಬೆಳಗಾವಿ ಬಸ್ಸು ಹತ್ತಿ ಕುಳಿತ ಮೇಲೂ ತೊಡೆಯ ಮೇಲಿನ ಹಾಳೆಗಳ ಮೂಲೆಯನ್ನು ಸುತ್ತುವುದು, ಬಿಡುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು. ನಾನು ಕಿಡಕಿಯ ಹೊರಗೆ ನೋಡಿದ ಹಾಗೆ ಮಾಡಿ ಆ ಬೆರಳುಗಳನ್ನೇ ನೋಡುತ್ತ ಕುಳಿತೆ.

ಆಕೆ ಬೆಳಗಾವಿಯ ಕಾಲೇಜಿನಲ್ಲಿ ಕಥೆ ಬರೆಯುವುದನ್ನು ಕಲಿಯುತ್ತಾಳೆ. ಅದಕ್ಕೂ ಒಂದು ಕ್ಲಾಸು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಓದಿದ್ದು ಕನ್ನಡ ಸಾಲಿಯ ಮೂರನೇ ಇಯತ್ತೆ. ಆಮೇಲೆ ದುಡಿದದ್ದೆಲ್ಲ ಹಂಚಿನ ಭಟ್ಟಿಯಲ್ಲಿ. ಆ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ತಾವು ಬರೆದ ಕಥೆಯನ್ನು ಎಲ್ಲರ ಮುಂದೆ ನಿಂತು, ತಾವೇ, ಕಡೀತನಕ ಓದಬೇಕಂತೆ. ದೀಪಾವಳಿಯ ಮುಂಚೆ ಒಮ್ಮೆ ಓದಲು ನಿಂತವಳು ಎರಡನೇ ಹಾಳೆಗೆ ದನಿ ಸಿಕ್ಕಿಕೊಂಡು ಹಾಗೇ ಹೊರಗೆ ಬಂದುಬಿಟ್ಟಿದ್ದಳು. ಅಲ್ಲೇ ಹಿಂದವಾಡಿಯಲ್ಲಿ ತಾನು ಇರುವ ಸೋದರತ್ತೆಯ ಮನೆಗೂ ಹೋಗದೆ, ಸೀದಾ ಊರಿಗೆ ಬಂದಳು.

“ಇನ್ನೊಮ್ಮೆ ಹಂಗಾದ್ರ ಬರಿಯೋದ ಬಿಟ್ಟಬಿಡ್ತೀನಿ ಅಜ್ಜಾ,” ಅಂದಳು. ಅಳುತ್ತ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಚಾ ಕುಡಿಯುತ್ತ ಹೇಳಿದಳು.

ಹೂಂ ಅನ್ನುವುದು ನಮ್ಮಿಬ್ಬರ ಹಳೇ ಕರಾರು. ಆಕೆ ಸಣ್ಣವಳಿದ್ದಾಗ ಕಥೆ ನನ್ನದು, ಹೂಂ ಆಕೆಯದು. ಹೂಂ ನಿಂತರೆ ನಾನೂ ನಿಲ್ಲಿಸಿ, “ಯಾಕವಾ, ನಿದ್ದಿ ಹತ್ತಿತೇನು?” ಅಂತ ಕೇಳುತ್ತಿದ್ದೆ. ಉತ್ತರ ಬರದಿದ್ದರೆ ಕೌದಿ ಹೊದಿಸಿ ಎದ್ದು ಹೋಗುವುದು. ಈಗ ಪಾಳಿ ಬದಲಾಗಿದೆ. ರಜೆಗೆ ಬಂದವಳೇ ಕಟ್ಟೆಯ ಮೇಲೆ ಕುಳಿತು ತಾನು ಬರೆದದ್ದನ್ನು ಓದುತ್ತಾಳೆ, ಹೂಂ ಅನ್ನುವುದು ನಾನು.

ಒಮ್ಮೆ ನೋಡುತ್ತೇನೆ, ಓದುತ್ತ ಓದುತ್ತ ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದಾಳೆ.

“ಏನವಾ ಅದು?”

“ನಿನ್ನ ಹೂಂ ತಡಾ ಆತಲ್ಲ. ಅಲ್ಲೆ ಏನೋ ತಪ್ಪೇತಿ.”

“ಎಲಿ ಅಡಿಕಿ ಅಗಿಯಾಕತ್ತಿದ್ನೆವಾ.”

“ಅದಕ್ಕ ಮತ್ತ. ಕಥಿ ಚಲೋ ಇದ್ದಿದ್ರ ಅಗಿಯೋದ ಮರೀತಿದ್ದಿ.”

ಅಂದಿನಿಂದ ನನಗೆ ಹೂಂ ಅನ್ನಲಿಕ್ಕೂ ಹೆದರಿಕೆ ಶುರುವಾಯಿತು. ನನ್ನದೊಂದು ಆಕಳಿಕೆಗೆ ಹುಡುಗಿಯ ಇಡೀ ದಿನದ ದುಡಿಮೆ ಗೀಟಿನ ಪಾಲಾಗುತ್ತದೆ. ಎಲೆ ಅಡಿಕೆಯ ಚಂಚಿಯನ್ನು ಒಳಗಿಟ್ಟು ಬಂದು ಕೂರತೊಡಗಿದೆ.

ಕಥೆ ಹಂಚಿನದು. ಭಟ್ಟಿಯಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳು ತನ್ನ ಕೂಸಿನ ಅಂಗೈಯನ್ನು ಹಸಿ ಹಂಚಿನ ಒಳಮೈಗೆ ಒತ್ತುತ್ತಾಳೆ. ಹಂಚು ಬೆಂದು, ಲಾರಿ ಹತ್ತಿ, ಬೆಳಗಾವಿಗೆ ಹೋಗುತ್ತದೆ. ಮೊದಲ ಸಲ ಬರೆದಾಗ ಇಷ್ಟೇ ಇತ್ತು, ಉಳಿದದ್ದೆಲ್ಲ ಮೋಡ, ಮಣ್ಣಿನ ವಾಸನೆ. ನಾನು ಹೂಂ ಅಂದೆ, ಆದರೆ ಅದು ಬಾಯುಪಚಾರದ ಹೂಂ. ಆಕೆಗೆ ತಿಳಿಯಿತು. ಕಲಿಸುವ ಅಕ್ಕೋರೂ ಕೇಳಿದರಂತೆ: ಈ ಹೆಣ್ಣುಮಗಳಿಗೆ ಏನು ಬೇಕು? ಅದಕ್ಕೆ ಅಡ್ಡ ಬಂದದ್ದು ಏನು?

“ಏನ ಬೇಕಾಗಿರಬೇಕ ಅಜ್ಜಾ ಅಕಿಗೆ?”

“ನನಗೇನ ಗೊತ್ತವಾ. ನಿನ್ನ ಮಂದಿ, ನೀನ ಕೇಳ.”

ಮುಂದಿನ ಸಲ ಬಂದಾಗ ಆ ಹೆಣ್ಣುಮಗಳಿಗೆ ಹಂಚು ವಾಪಸ್ ಬೇಕಾಗಿತ್ತು. ಕೂಸು ಉಳಿದಿರಲಿಲ್ಲ, ಅದರ ಗುರುತು ಅಂತ ಇದ್ದದ್ದು ಅದೊಂದೇ. ಹಂಚು ಹೊತ್ತ ಮನೆಯನ್ನು ಕೆಡವಿ ಸ್ಲ್ಯಾಬ್ ಹಾಕುವವರಿದ್ದಾರೆ, ಸಂಜೆಯೊಳಗೆ ಹಳೇ ಹಂಚೆಲ್ಲ ಗಾಡಿಗೆ ಹೇರುತ್ತಾರೆ. ಖರೇ ಹೇಳುತ್ತೇನೆ, ಆ ದಿನ ನನ್ನ ಹೂಂ ಆಕೆಯ ಮಾತಿಗಿಂತ ಮುಂದೆ ಓಡಿತು.

ಮೊದಲು ಅದನ್ನು ಮನೆಯ ಮಾಲಕ ಹೇಳುವ ಹಾಗೆ ಬರೆದಿದ್ದಳು. ಅವನ ಕಣ್ಣಿಗೆ ಈಕೆ ಅಂಗಳಕ್ಕೆ ನುಗ್ಗಿದ ಹುಚ್ಚಿ. ನನಗೂ ಹಾಗೇ ಕಂಡಳು. ಆಮೇಲೆ ಹೆಣ್ಣುಮಗಳ ಕಣ್ಣಿನಿಂದ ತಿರುಗಿ ಬರೆದಳು. ಅಂಗಳ ಅದೇ, ಹಂಚು ಅವೇ. ಈಗ ಧೂಳು ನಮ್ಮ ಅಂಗೈಗೆ ಹತ್ತಿತು.

ನಾನೂ ಒಂದು ಮಾತು ಸೇರಿಸಹೋದೆ. ನಮ್ಮ ಭಟ್ಟಿಯಲ್ಲಿ ಒಬ್ಬಾತ ಪ್ರತಿ ಗೂಡಿಗೆ ಬೆಂಕಿ ಹಾಕುವ ಮುಂಚೆ ತೆಂಗಿನಕಾಯಿ ಒಡೆದು ಅರ್ಧ ಹೋಳು ತಾನೇ ತಿಂದುಬಿಡುತ್ತಿದ್ದ, ಅದನ್ನು ಬರಿ ಅಂದೆ.

“ಖರೇ ಇದ್ದೀತ ಅಜ್ಜಾ. ಆದ್ರ ಈ ಕಥಿಗೆ ಬ್ಯಾಡ.”

“ಖರೇ ಇದ್ರೂ ಬ್ಯಾಡಾ?”

“ಖರೇ ಇದ್ದದ್ದೆಲ್ಲಾ ಹಾಕಿದ್ರ ಅಕಿಗೆ ಹಂಚ ಹುಡುಕಾಕ ಹೊತ್ತ ಎಲ್ಲೈತಿ?”

ಕೊನೆಯನ್ನು ಮಾತ್ರ ಆಕೆ ನನಗೆ ಓದಿ ತೋರಿಸಲೇ ಇಲ್ಲ. ಕಾಲೇಜಿಗೆ ಬಂದು ಅಲ್ಲೇ ಕೇಳು ಅಂದಳು.

ಬಸ್ಸಿಳಿದು ಕಾಲೇಜಿಗೆ ಹೋದಾಗ ಹಾಲಿನ ಬಾಗಿಲಲ್ಲಿ ಅಕ್ಕೋರು, “ಬರ್ರಿ ಅಜ್ಜಾರ, ಮುಂದ ಕುಂದರ್ರಿ,” ಅಂದರು. ನಾನು ಬಾಗಿಲ ಬಾಜು ಖುರ್ಚಿ ಹಿಡಿದೆ. ಹುಡುಗಿ ಓಡಿ ಬಂದರೆ ಅಲ್ಲೇ ಹಿಡಿಯಬಹುದಲ್ಲ, ಅದಕ್ಕೆ. ಆಕೆಗಿಂತ ಮುಂಚೆ ಒಬ್ಬ ಹುಡುಗ ಓದಿದ. ಅವನ ಕಥೆಯಲ್ಲಿ ನಾಯಿ ಕಳೆದಿತ್ತು, ಜನ ಕಲ್ಲಿನ ಹಾಗೆ ಕುಳಿತಿದ್ದರು. ಇವರಿಗೆ ಕೇಳಿಸುತ್ತಿದೆಯೋ ಇಲ್ಲವೋ ಅವನಿಗೆ ಹೇಗೆ ಗೊತ್ತಾಗಬೇಕು ಅಂತ ನನಗೆ ಸಂಕಟ. ಬಾಯಿಗೆ ಟಾವೆಲ್ ಒತ್ತಿ ಹಿಡಿದಿದ್ದೆ.

ಆಕೆ ಎದ್ದು ಮೈಕಿನ ಮುಂದೆ ನಿಂತಳು. ಮೊದಲನೇ ಹಾಳೆ ಚಲೋ ಹೋಯಿತು. ಎರಡನೇದನ್ನು ತಿರುವಿದಳು, ಒಂದು ಸಾಲು ಓದಿದಳು, ನಿಂತಳು.

ಫ್ಯಾನಿನ ಸಪ್ಪಳ ಅಷ್ಟೇ. ಹೂಂ ಅನ್ನಬ್ಯಾಡ ಅಂತ ಹೇಳಿದ್ದಾಳೆ. ಅಂದರೆ ಎಲ್ಲರೂ ತಿರುಗಿ ನೋಡುತ್ತಾರೆ, ಅದೇ ನಾಚಿಕೆಗೆ ಓಡಿಹೋದರೆ? ಅನ್ನದೆ ಇದ್ದು ಓಡಿಹೋದರೆ? ಆಕೆಯ ಕಣ್ಣು ಹಾಳೆ ಬಿಟ್ಟು ಬಾಗಿಲ ಕಡೆಗೆ ಬಂತು. ನನ್ನ ಕಡೆಗಲ್ಲ, ಬಾಗಿಲಿಗೆ.

“ಹೂಂ,” ಅಂದೆ.

ಸಣ್ಣಗೇ ಅಂದಿದ್ದೆ, ಆದರೆ ಭಟ್ಟಿಯಲ್ಲಿ ಕೂಗಿ ಕೂಗಿ ಬೆಳೆದ ದನಿ. ಮುಂದಿನ ಸಾಲಿನವರು ತಿರುಗಿದರು. ಯಾರೋ ಕಿಸಕ್ಕನೆ ನಕ್ಕರು. ಆಕೆಯ ಕಿವಿ ಕೆಂಪಾಯಿತು. ಕೆಟ್ಟೆ ಅಂದುಕೊಂಡೆ. ಆದರೆ ಆಕೆ ನಿಂತ ಸಾಲನ್ನೇ ಮತ್ತೆ ಮೊದಲಿನಿಂದ ಓದಿದಳು.

“ಹೂಂ.”

ಓದಿದಳು. ನಾನು ಅಂದೆ. ಆಮೇಲೆ ಯಾರೂ ತಿರುಗಿ ನೋಡಲಿಲ್ಲ. ಅಂಗಳ ಬಂತು, ಗಾಡಿ ಬಂತು, ಹೆಣ್ಣುಮಗಳು ಒಂದೊಂದೇ ಹಂಚು ಹೊರಳಿಸುತ್ತ ಹೋದಳು. ಯಾವುದರಲ್ಲೂ ಕೂಸಿನ ಕೈಗುರುತು ಇಲ್ಲ. ಆಳುಗಳು ಸಾಕು ಬಿಡಬೇ ಅಂತಾರೆ. ಕಡೇ ಹಂಚನ್ನು ಎತ್ತಿ ಎದೆಗೆ ಹಿಡಿದುಕೊಂಡಳು, ಇನ್ನೂ ಹೊರಳಿಸಿಲ್ಲ.

ಮೊಮ್ಮಗಳು ಅಲ್ಲಿಗೆ ನಿಲ್ಲಿಸಿದಳು. ಮತ್ತೆ ದನಿ ಸಿಕ್ಕಿಕೊಂಡಿತೇ? ಹೂಂ ಅನ್ನಬೇಕು, ನಾಲಿಗೆ ಏಳಲಿಲ್ಲ. ಆ ಹಂಚಿನಲ್ಲೇ ಸಿಕ್ಕಿಬಿದ್ದಿದ್ದೆ.

ಆಕೆ ಹಾಳೆ ಕೆಳಗಿಳಿಸಿ ನೇರ ನನ್ನನ್ನೇ ನೋಡಿದಳು. ಮೈಕಿನಲ್ಲಿಯೇ ಕೇಳಿದಳು:

“ಯಾಕ ಅಜ್ಜಾ, ನಿದ್ದಿ ಹತ್ತಿತೇನು?”

ಹಾಲಿಗೆ ಹಾಲೇ ನಕ್ಕಿತು.

“ಇಲ್ಲವಾ,” ಅಂದೆ, “ಅಕಿ ಹೊರಳಸಲಿ ಅಂತ ಕುಂತೀನಿ.”

“ಕಥಿ ಮುಗೀತು ಅಜ್ಜಾ.”

“ಕಡೀತನಕಾ?”

“ಕಡೀತನಕ.”

ಆಗ ನಾನು ಎದ್ದು ನಿಂತು ಹೂಂ ಅಂದೆನಂತೆ, ಹೊರಗಿನ ರಸ್ತೆಗೂ ಕೇಳುವ ಹಾಗೆ. ಆಕೆ ಹೇಳುತ್ತಾಳೆ. ನನಗೆ ನೆನಪಿರುವುದು ಆಕೆ ಹಾಳೆಗಳನ್ನು ಜೋಡಿಸಿಕೊಂಡು, ಓಡದೆ, ನಡೆದು ನನ್ನ ಕಡೆಗೆ ಬಂದದ್ದು ಅಷ್ಟೇ.